ಫ್ಲಾರೆನ್ಸ್‌ನ ಹಳೇ ಊರಲ್ಲಿ ಬಾಡಿಗೆ ಮನೆ: ಫೋಟೊ ಬಿಡಿ, ಮೆಟ್ಟಿಲು ಎಣಿಸಿ

ಪ್ರಶ್ನೆ: ಏಪ್ರಿಲ್ ಕೊನೆಯ ವಾರ ಇಟಲಿಗೆ ಹೊರಟಿದ್ದೇವೆ. ಫ್ಲಾರೆನ್ಸ್‌ನಲ್ಲಿ ಐದು ರಾತ್ರಿ. ಅತ್ತೆ-ಮಾವ (ಇಬ್ಬರೂ ಎಪ್ಪತ್ತು ದಾಟಿದವರು, ಅತ್ತೆಗೆ ಮಂಡಿನೋವು), ನಾವಿಬ್ಬರು, ಒಂಬತ್ತು ವರ್ಷದ ಮಗಳು. ಹೋಟೆಲಿನಲ್ಲಿ ಎರಡು ರೂಮು ಅಂದರೆ ಬಜೆಟ್ ಮೀರುತ್ತದೆ. ಹಳೇ ಊರಿನ ನಡುವೆಯೇ, ಅಡುಗೆಮನೆ ಇರುವ ಅಪಾರ್ಟ್‌ಮೆಂಟುಗಳು ಕಡಿಮೆ ದರಕ್ಕೆ ಕಾಣುತ್ತಿವೆ. ಫೋಟೊಗಳಲ್ಲಿ ಎಲ್ಲವೂ ಚೆನ್ನಾಗಿಯೇ ಇವೆ. ಏನು ನೋಡಿ ಆರಿಸಬೇಕು? ಮೋಸ ಹೋಗದಿರಲು ಏನು ಮಾಡಬೇಕು? ಒಂದು ದಿನಕ್ಕೆ ಕಾರು ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆಯೂ ಇದೆ.

ಉತ್ತರ: ಐದು ಜನ, ಐದು ರಾತ್ರಿ ಎಂದಾದರೆ ಅಪಾರ್ಟ್‌ಮೆಂಟೇ ಸರಿ. ಎರಡೇ ರಾತ್ರಿಯಾಗಿದ್ದರೆ ಬೇಡ ಎನ್ನುತ್ತಿದ್ದೆ. ಯಾಕೆಂದು ಲೆಕ್ಕದ ಜಾಗದಲ್ಲಿ ಹೇಳುತ್ತೇನೆ. ಆದರೆ ನೀವು ಫೋಟೊ ನೋಡಿ ಆರಿಸಲು ಹೊರಟಿದ್ದೀರಿ, ತೊಂದರೆ ಅಲ್ಲೇ ಇದೆ. ಫೋಟೊ ತೋರಿಸುವುದು ಸೋಫಾ, ಪರದೆ, ಗೋಡೆಯ ಚಿತ್ರ. ಐದು ದಿನ ನಿಮ್ಮನ್ನು ಸುಖವಾಗಿಡುವುದು ಅಥವಾ ಗೋಳಾಡಿಸುವುದು ಮೆಟ್ಟಿಲು, ಗೀಸರ್, ಮೀಟರು, ಬಾಗಿಲ ಬೀಗ. ಇವು ಯಾವ ಫೋಟೊದಲ್ಲೂ ಇರುವುದಿಲ್ಲ. ನೀವು ಬಾಡಿಗೆಗೆ ಹಿಡಿಯುತ್ತಿರುವುದು ಮನೆಯನ್ನಲ್ಲ, ನಾಲ್ಕೈದು ಶತಮಾನ ಹಳೆಯ ಕಟ್ಟಡದ ಒಂದು ತುಂಡನ್ನು. ವಿಚಾರಣೆ ಕಟ್ಟಡದ ಬಗ್ಗೆ ನಡೆಯಲಿ.

ಮೊದಲು ಮೆಟ್ಟಿಲು, ಯಾಕೆಂದರೆ ನಿಮ್ಮ ಅತ್ತೆಯವರ ಮಂಡಿ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಇಟಲಿಯಲ್ಲಿ ನೆಲಮಹಡಿ 'ಪಿಯಾನೊ ತೆರ್ರಾ', ಅದರ ಮೇಲಿನದು ಒಂದನೇ ಮಹಡಿ. ಕೆಲವು ಹಳೇ ಕಟ್ಟಡಗಳಲ್ಲಿ ಇವೆರಡರ ನಡುವೆ 'ಅಮ್ಮೆತ್ಸಾತೊ' ಎಂಬ ಅರ್ಧ ಮಹಡಿ ಇರುತ್ತದೆ, ಅದನ್ನು ಎಣಿಕೆಗೇ ಹಿಡಿಯುವುದಿಲ್ಲ. 'ಪಲಾತ್ಸೊ' ಎಂಬ ಹಳೇ ದೊಡ್ಡ ಕಟ್ಟಡಗಳ ಛಾವಣಿ ಎತ್ತರ, ಒಂದು ಮಹಡಿಗೆ ನಾಲ್ಕೂವರೆ ಮೀಟರ್ ಸಾಮಾನ್ಯ. ಮೆಟ್ಟಿಲು ಒಂದಕ್ಕೆ 17 ಸೆಂ.ಮೀ. ಹಿಡಿದರೆ ಮಹಡಿಗೆ 26 ಮೆಟ್ಟಿಲು. 'ಮೂರನೇ ಮಹಡಿ, ಲಿಫ್ಟ್ ಇಲ್ಲ' ಅಂದರೆ ಸುಮಾರು 80 ಮೆಟ್ಟಿಲು, ದಿನಕ್ಕೆ ಎರಡು ಸಲ. ಅವು ಪಿಯೆತ್ರಾ ಸೆರೇನಾ ಎಂಬ ಬೂದುಕಲ್ಲಿನವು. ನೂರಾರು ವರ್ಷ ತುಳಿದು ನಡುವೆ ಗುಳಿ ಬಿದ್ದಿರುತ್ತವೆ; ಮಳೆ ಬಂದ ದಿನ ಒದ್ದೆ ಚಪ್ಪಲಿಗೆ ಜಾರುತ್ತವೆ. ಹಿಡಿದು ಹತ್ತುವ ಕಂಬಿ ಗೋಡೆಯ ಒಂದು ಬದಿಗಷ್ಟೇ ಇರಬಹುದು, ಇಲ್ಲದೆಯೂ ಇರಬಹುದು. ಆದ್ದರಿಂದ 'ಎಷ್ಟನೇ ಮಹಡಿ' ಎಂದು ಕೇಳಬೇಡಿ. 'ಬೀದಿ ಬಾಗಿಲಿನಿಂದ ಹಾಸಿಗೆಯವರೆಗೆ ಒಟ್ಟು ಎಷ್ಟು ಮೆಟ್ಟಿಲು' ಎಂದು ಕೇಳಿ. ಲಿಫ್ಟ್ ಇದೆ ಎಂದರೂ ಇದನ್ನೇ ಕೇಳಿ. ಎಷ್ಟೋ ಕಡೆ ಲಿಫ್ಟಿನ ಬಾಗಿಲಿಗೆ ತಲುಪಲು ಐದಾರು ಮೆಟ್ಟಿಲು ಹತ್ತಬೇಕು, ಪೆಟ್ಟಿಗೆಯೊಳಗೆ ಇಬ್ಬರು ನಿಂತರೆ ಸೂಟ್‌ಕೇಸಿಗೆ ಜಾಗವಿಲ್ಲ.

ಹಾಗಾದರೆ ನೆಲಮಹಡಿಯದ್ದೇ ಹಿಡಿದರಾಯಿತಲ್ಲ? ಅಲ್ಲೂ ಹುಷಾರಾಗಿರಬೇಕು. ಹಳೇ ಊರಿನ ಅಗ್ಗದ ನೆಲಮಹಡಿ ಮನೆಗಳಲ್ಲಿ ಹಲವು, ಹಿಂದೆ ಅಂಗಡಿಯೋ ಕುಶಲಕರ್ಮಿಯ ಕಾರ್ಯಾಗಾರವೋ ಆಗಿದ್ದ 'ಫೊಂದೊ'ಗಳು. ಕಿಟಕಿ ನೇರ ಕಾಲುದಾರಿಗೆ ತೆರೆಯುತ್ತದೆ, ಹಾಗಾಗಿ ಹಗಲೂ ಮುಚ್ಚಿಡಬೇಕು. ಗೋಡೆಯಲ್ಲಿ ತೇವ ಏರುತ್ತದೆ, ಬಚ್ಚಲಿಗೆ ಕಿಟಕಿ ಇಲ್ಲದಿದ್ದರೆ ಬೂಷ್ಟು ಖಚಿತ. ಸಾಂತಾ ಕ್ರೋಚೆ ಭಾಗದ ಗೋಡೆಗಳ ಮೇಲೆ 1966ರ ನವೆಂಬರ್ 4ರ ಪ್ರವಾಹದ ನೀರು ಎಲ್ಲಿಯವರೆಗೆ ಬಂದಿತ್ತು ಎಂಬ ಫಲಕಗಳಿವೆ, ಕೆಲವು ಕಡೆ ನಾಲ್ಕು ಮೀಟರಿಗೂ ಮೇಲೆ. ತಗ್ಗು ಪ್ರದೇಶವೆಂಬುದು ಅದನ್ನು ನೋಡಿದರೆ ತಿಳಿಯುತ್ತದೆ. ನೆಲಮಹಡಿ ಮನೆಯ ವಿಮರ್ಶೆಗಳಲ್ಲಿ ವಾಸನೆ, ತೇವ ಎಂಬ ಮಾತು ಎರಡು ಬಾರಿ ಬಂದಿದ್ದರೆ ಬಿಟ್ಟುಬಿಡಿ. ಒಳ ಅಂಗಳದ ಕಡೆಗೆ ಕಿಟಕಿ ಇರುವ ಒಂದನೇ ಮಹಡಿ, ಮೂವತ್ತು ಮೆಟ್ಟಿಲಿಗೆ ಮೀರದ್ದು ಸಿಕ್ಕರೆ ನಿಮಗೆ ಅದೇ ಒಳ್ಳೆಯದು. ಬೀದಿಯ ಗದ್ದಲವೂ ಅಲ್ಲಿ ಕಡಿಮೆ.

ಜಾಹೀರಾತಿನ ಭಾಷೆಯನ್ನೂ ಬಿಡಿಸಿ ಓದಬೇಕು. ಇಟಲಿಯಲ್ಲಿ ಹಾಲನ್ನೂ ಒಂದು ಕೋಣೆಯಾಗಿ ಎಣಿಸುತ್ತಾರೆ. 'ಮೊನೊಲೊಕಾಲೆ' ಅಂದರೆ ಒಂದೇ ಕೋಣೆ, 'ಬಿಲೊಕಾಲೆ' ಅಂದರೆ ಹಾಲ್ ಮತ್ತು ಒಂದು ಮಲಗುವ ಕೋಣೆ, 'ತ್ರಿಲೊಕಾಲೆ' ಅಂದರೆ ಹಾಲ್ ಮತ್ತು ಎರಡು ಮಲಗುವ ಕೋಣೆ. ಬಿಲೊಕಾಲೆಯನ್ನೂ 'ಐವರಿಗೆ' ಎಂದು ಹಾಕುತ್ತಾರೆ: ಇಬ್ಬರಿಗೆ ಮಂಚ, ಇಬ್ಬರಿಗೆ ಹಾಲಿನ ಸೋಫಾ-ಮಂಚ, ಒಬ್ಬರಿಗೆ ಅಟ್ಟ. 'ಸೊಪ್ಪಾಲ್ಕೊ' ಎಂದು ಕಂಡರೆ ಅದು ಅಟ್ಟವೇ; ಏಣಿ ಹತ್ತಿ ಹೋಗಬೇಕು, ಕೂತರೆ ತಲೆಗೆ ತೊಲೆ ತಾಗುತ್ತದೆ. ಮಗಳಿಗೆ ಖುಷಿಯಾದೀತು, ರಾತ್ರಿ ಬಚ್ಚಲಿಗೆ ಇಳಿಯುವಾಗ ನಿಮಗೆ ನಿದ್ದೆಗೇಡು. 'ಮಾತ್ರಿಮೊನಿಯಾಲೆ' ಸುಮಾರು 160 ಸೆಂ.ಮೀ. ಅಗಲದ ಜೋಡಿ ಮಂಚ, 'ಅಲ್ಲಾ ಫ್ರಾಂಚೇಸೆ' ಎಂದಿದ್ದರೆ 140 ಮಾತ್ರ. ನಿಮಗೆ ಬೇಕಾದದ್ದು ತ್ರಿಲೊಕಾಲೆ, ಮಗಳು ಸೋಫಾದ ಮೇಲೆ. ಎರಡು ಬಚ್ಚಲು ಸಿಕ್ಕರೆ ಹತ್ತಿಪ್ಪತ್ತು ಯೂರೋ ಹೆಚ್ಚಾದರೂ ಕೊಡಿ.

ಬಚ್ಚಲು ಎಂದ ಮೇಲೆ ಬಿಸಿನೀರು. ಇದೊಂದು ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಮನೆಯಲ್ಲಿ ಗ್ಯಾಸಿನ 'ಕಲ್ದಾಯಾ', ಅಂದರೆ ಬಾಯ್ಲರ್ ಇದ್ದರೆ ನೀರು ಹರಿದ ಹಾಗೆ ಕಾಯುತ್ತದೆ, ಐವರ ಸ್ನಾನಕ್ಕೂ ಚಿಂತೆಯಿಲ್ಲ. ವಿದ್ಯುತ್ ಗೀಸರ್ ಇದ್ದರೆ ಲೆಕ್ಕ ಹಾಕಬೇಕು. 50 ಲೀಟರಿನ ತೊಟ್ಟಿಯಲ್ಲಿ 60 ಡಿಗ್ರಿಗೆ ಕಾದ ನೀರಿಗೆ 15 ಡಿಗ್ರಿಯ ತಣ್ಣೀರು ಬೆರೆಸಿ 38 ಡಿಗ್ರಿಗೆ ತಂದರೆ ಸಿಗುವುದು ಹೆಚ್ಚೆಂದರೆ 98 ಲೀಟರ್. ಷವರು ನಿಮಿಷಕ್ಕೆ 8 ಲೀಟರ್ ಸುರಿಸಿದರೆ 12 ನಿಮಿಷ. ಇಬ್ಬರ ಸ್ನಾನ, ಮೂರನೆಯವರಿಗೆ ಉಗುರುಬೆಚ್ಚಗೆ. 1,200 ವಾಟಿನ ಸಾಮಾನ್ಯ ಗೀಸರ್ ಆ ತೊಟ್ಟಿಯನ್ನು ಮತ್ತೆ ಕಾಯಿಸಲು ಎರಡು ಗಂಟೆಯ ಮೇಲೆ ತೆಗೆದುಕೊಳ್ಳುತ್ತದೆ. 80 ಲೀಟರಿನದಾದರೆ ಮೂರೂವರೆ ಗಂಟೆ. ನೀವು ಐವರು: 50 ಲೀಟರ್ ಎಂದರೆ ಬೇಡವೆನ್ನಿ, 80 ಆದರೆ ಮೂವರು ರಾತ್ರಿ, ಇಬ್ಬರು ಬೆಳಿಗ್ಗೆ ಎಂದು ಸರದಿ ಮಾಡಿಕೊಳ್ಳಿ. ಕಲ್ದಾಯಾ ಇರುವಲ್ಲಿ ಇದ್ದಕ್ಕಿದ್ದಂತೆ ಬಿಸಿನೀರು ನಿಂತರೆ ಅದರ ಮುಖದ ಮೇಲಿನ ಮುಳ್ಳು ನೋಡಿ. ಒತ್ತಡ 1ರಿಂದ 1.5 ಬಾರ್ ಇರಬೇಕು, ತೀರಾ ಇಳಿದರೆ ಯಂತ್ರ ತಾನೇ ನಿಲ್ಲುತ್ತದೆ. ಕೆಳಗಿನ ನಲ್ಲಿಯನ್ನು ನೀವೇ ತಿರುಗಿಸಲು ಹೋಗಬೇಡಿ, ಮುಳ್ಳಿನ ಫೋಟೊ ತೆಗೆದು ಮಾಲೀಕರಿಗೆ ಕಳಿಸಿ. ಇನ್ನೊಂದು ಮಾತು, ಷವರಿನ ಮೇಲೆ ನೇತಾಡುವ ದಾರ ಲೈಟಿನ ಸ್ವಿಚ್ ಅಲ್ಲ. ಅದು ಬಿದ್ದವರು ಎಳೆಯಲು ಇಟ್ಟ ಗಂಟೆ.

ಈಗ ಕರೆಂಟು. ಇಟಲಿಯ ಮನೆಗಳ ವಿದ್ಯುತ್ ಒಪ್ಪಂದ ಸಾಮಾನ್ಯವಾಗಿ 3 ಕಿಲೋವಾಟಿನದು. ಮೀಟರು ಶೇ 10 ಹೆಚ್ಚುವರಿ, ಅಂದರೆ 3.3 ಕಿಲೋವಾಟಿನ ತನಕ ಸುಮ್ಮನಿರುತ್ತದೆ. ಅದಕ್ಕಿಂತ ಸ್ವಲ್ಪ ಮೇಲೆ ಹೋದರೆ ಕೆಲಕಾಲ ತಡೆದುಕೊಳ್ಳುತ್ತದೆ, 4 ದಾಟಿದರೆ ನಿಮಿಷಗಳಲ್ಲಿ ಕಡಿದುಹಾಕುತ್ತದೆ. ಬೆಳಗಿನ ಎಂಟು ಗಂಟೆ ನೆನೆಸಿಕೊಳ್ಳಿ: ಇಂಡಕ್ಷನ್ ಒಲೆಯಲ್ಲಿ ಅನ್ನ, 2,000 ವಾಟ್. ಕಾಫಿಗೆ ಕೆಟಲ್, ಇನ್ನೊಂದು 2,000. ಯಾರೋ ಸ್ನಾನ ಮುಗಿಸಿದ್ದಾರೆ, ಗೀಸರ್ ತಾನಾಗಿ 1,200 ಎಳೆಯುತ್ತಿದೆ. ಅಲ್ಲಿಗೆ 5,200. ಕೂದಲು ಒಣಗಿಸುವ ಯಂತ್ರಕ್ಕೆ ಕೈ ಹಾಕುವ ಮೊದಲೇ ಮನೆಯಿಡೀ ಕತ್ತಲು. ಕೆಟ್ಟದ್ದೇನೆಂದರೆ, ಕಡಿದದ್ದು ಮನೆಯೊಳಗಿನ ಎಂಸಿಬಿ ಅಲ್ಲ, ಕೆಳಗೆ ಪ್ರವೇಶದ ಮೊಗಸಾಲೆಯಲ್ಲೋ ನೆಲಮಾಳಿಗೆಯಲ್ಲೋ ಇರುವ ಮೀಟರು. ಒದ್ದೆ ತಲೆಯಲ್ಲಿ ಅಷ್ಟೂ ಮೆಟ್ಟಿಲಿಳಿದು ಹೋಗಬೇಕು.

ಹಾಗಾಗಿ ಕೀ ತೆಗೆದುಕೊಳ್ಳುವಾಗಲೇ 'ಮೀಟರು ಎಲ್ಲಿದೆ, ಯಾವುದು ನಮ್ಮದು' ಎಂದು ತೋರಿಸಿಕೊಂಡು ಒಂದು ಫೋಟೊ ತೆಗೆದಿಡಿ. ಒಂದೇ ಗೋಡೆಯಲ್ಲಿ ಹತ್ತು ಮೀಟರು ಸಾಲಾಗಿರುತ್ತವೆ. ಕತ್ತಲಾದರೆ ಮೊದಲು ಮನೆಯೊಳಗಿನ ಫಲಕ ನೋಡಿ. ಅಲ್ಲಿ 'ಸಾಲ್ವವೀತಾ', ಅಂದರೆ ಜೀವರಕ್ಷಕ ಎಂದು ಕರೆಯುವ ಸ್ವಿಚ್ ಬಿದ್ದಿದ್ದರೆ ದೋಷ ಬೇರೆ: ಎಲ್ಲೋ ಕರೆಂಟು ಸೋರುತ್ತಿದೆ ಎಂದರ್ಥ. ಕೊನೆಗೆ ಹಚ್ಚಿದ ಉಪಕರಣದ ಪ್ಲಗ್ ಕಿತ್ತು ಸ್ವಿಚ್ ಮೇಲೆತ್ತಿ, ಮತ್ತೆ ಬಿದ್ದರೆ ಮುಟ್ಟಬೇಡಿ, ಮಾಲೀಕರನ್ನು ಕರೆಯಿರಿ. ಒಳಗೆಲ್ಲ ಸರಿಯಿದ್ದೂ ಕತ್ತಲಾಗಿದ್ದರೆ ಮೀಟರೇ ಕಡಿದಿದೆ. ಒಲೆ, ಕೆಟಲ್, ವಾಷಿಂಗ್ ಮೆಷಿನ್ ಎಲ್ಲ ಆರಿಸಿ, ಆಮೇಲೆ ಕೆಳಗಿಳಿದು ಮೀಟರಿನ ಸನ್ನೆ ಮೇಲೆತ್ತಿ. ಆರಿಸದೆ ಹೋದರೆ ನೀವು ಮೇಲೆ ತಲುಪುವಷ್ಟರಲ್ಲಿ ಮತ್ತೆ ಹೋಗಿರುತ್ತದೆ. ಗ್ಯಾಸ್ ಒಲೆ ಇರುವ ಮನೆಯಾದರೆ ಈ ಪಡಿಪಾಟಲಿನಲ್ಲಿ ಅರ್ಧ ಇಲ್ಲ. ಅದರಲ್ಲಿ ಹೊತ್ತಿಸಿದ ಮೇಲೂ ಗುಂಡಿಯನ್ನು ಏಳೆಂಟು ಸೆಕೆಂಡು ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಸುರಕ್ಷತೆಯ ಕಡ್ಡಿ ಬಿಸಿಯಾಗದೆ ಉರಿ ಆರುತ್ತದೆ. ಒಲೆ ಕೆಟ್ಟಿದೆ ಎಂದು ಮಾಲೀಕರಿಗೆ ಹೋಗುವ ದೂರುಗಳಲ್ಲಿ ಹೆಚ್ಚಿನವು ಇಷ್ಟೇ.

ಏಪ್ರಿಲ್ ಕೊನೆ ಎಂದಿರಿ. ಫ್ಲಾರೆನ್ಸ್ ಇರುವ ಹವಾಮಾನ ವಲಯದಲ್ಲಿ ಕಾನೂನಿನ ಪ್ರಕಾರ ಮನೆ ಬಿಸಿ ಮಾಡುವ ವ್ಯವಸ್ಥೆ ನಡೆಯುವುದು ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ. ಚಳಿ ಹೆಚ್ಚಿದರೆ ಪುರಸಭೆ ಕೆಲವು ದಿನ ವಿಸ್ತರಿಸುವುದುಂಟು, ಅದನ್ನು ನಂಬಿ ಹೋಗುವಂತಿಲ್ಲ. ಹೊರಗೆ ಹಗಲು ಹಿತವಾಗಿದ್ದರೂ ಆ ದಪ್ಪ ಕಲ್ಲುಗೋಡೆಗಳು ಚಳಿಗಾಲದ ತಣ್ಣನ್ನು ಇನ್ನೂ ಹಿಡಿದಿಟ್ಟಿರುತ್ತವೆ. ಹಿರಿಯರಿದ್ದಾರೆ, ಬಿಸಿಗಾಳಿಯೂ ಬರುವ ಏಸಿ ಇದೆಯೇ, ಮಲಗುವ ಎರಡೂ ಕೋಣೆಯಲ್ಲಿ ಇದೆಯೇ, ಹೆಚ್ಚಿನ ಕಂಬಳಿ ಎಷ್ಟಿವೆ, ಕೇಳಿ. ಇದೇ ಪ್ರಶ್ನೆಯನ್ನು ಜುಲೈನಲ್ಲಿ ಹೋಗುವವರು ತಿರುಗಿಸಿ ಕೇಳಬೇಕು. ಪಾರಂಪರಿಕ ಕಟ್ಟಡದ ಮುಖದ ಮೇಲೆ ಏಸಿಯ ಹೊರಪೆಟ್ಟಿಗೆ ತೂಗುಹಾಕಲು ಅನುಮತಿ ಸಿಗುವುದು ಕಷ್ಟ, ಆದ್ದರಿಂದ ಎಷ್ಟೋ ಮನೆಗಳಲ್ಲಿ ಏಸಿ ಇರುವುದೇ ಇಲ್ಲ. ಹೆಂಚಿನ ಕೆಳಗಿನ ಕೊನೆಯ ಮಹಡಿ ಆಗ ಬೇಯುವ ಒಲೆ.

ಯಾವ ಬಡಾವಣೆ? ಊರು ಚಿಕ್ಕದು. ಯುನೆಸ್ಕೊ 1982ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಹಳೇ ಊರು, ಹಳೇ ಕೋಟೆಗೋಡೆ ನಿಂತಿದ್ದ ಗೆರೆಯೊಳಗೆ ಕೂತಿದೆ. 1865ರಿಂದ 1871ರವರೆಗೆ ಫ್ಲಾರೆನ್ಸ್ ಇಟಲಿಯ ರಾಜಧಾನಿಯಾಗಿದ್ದಾಗ ವಾಸ್ತುಶಿಲ್ಪಿ ಜುಸೆಪ್ಪೆ ಪೊಜ್ಜಿ ನದಿಯ ಉತ್ತರ ದಂಡೆಯ ಗೋಡೆ ಕೆಡವಿಸಿ ಅಗಲ ರಸ್ತೆಗಳನ್ನು ಮಾಡಿಸಿದರು. ಅವುಗಳನ್ನು 'ವಿಯಾಲಿ' ಎನ್ನುತ್ತಾರೆ, ಮ್ಯಾಪಿನಲ್ಲಿ ಅರ್ಧಚಂದ್ರದ ಹಾಗೆ ಕಾಣುತ್ತವೆ. ದರ ಇಳಿಯುವುದು ಆ ಗೆರೆಯ ಹತ್ತಿರ ಬಂದಾಗ. ದುವೋಮೊ ಚರ್ಚಿನ ಸುತ್ತಲಿನ ಮನೆಗೆ ನೀವು ಕೊಡುವ ಹೆಚ್ಚಿನ ಹಣ ನಡಿಗೆಯ ಹದಿನೈದು ನಿಮಿಷ ಉಳಿಸಲಷ್ಟೇ. ಸಾಂತ್ ಅಂಬ್ರೋಜೊ ಮಾರುಕಟ್ಟೆಯ ಆಸುಪಾಸು ಅಡುಗೆ ಮಾಡಿಕೊಳ್ಳುವವರಿಗೆ ಚೆನ್ನ: ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ತರಕಾರಿ ಸಿಗುತ್ತದೆ, ನೆಲ ಸಮತಟ್ಟು. ನದಿಯಾಚೆ ಸಾನ್ ನಿಕ್ಕೊಲೊ, ಸಾನ್ ಫ್ರೆದಿಯಾನೊಗಳಲ್ಲಿ ಇನ್ನೂ ಊರಿನವರೇ ಇದ್ದಾರೆ. ಆದರೆ ಅದೇ ಆಚೆದಂಡೆಯ 'ಕೋಸ್ತಾ' ಎಂದು ಹೆಸರು ಶುರುವಾಗುವ ಬೀದಿ ಬೇಡ, ಅದು ಏರುದಾರಿ. ಸಾಂತೊ ಸ್ಪೀರಿತೊ ಚೌಕ ಮತ್ತು ಸಾಂತಾ ಕ್ರೋಚೆ ಬಳಿಯ ವಿಯಾ ದೆ ಬೆಂಚಿ ರಾತ್ರಿ ಎರಡರವರೆಗೂ ಎಚ್ಚರವಾಗಿರುತ್ತವೆ. ಮಾವನವರು ಬೇಗ ಮಲಗುವವರಾದರೆ ಅವೆರಡನ್ನು ತಪ್ಪಿಸಿ.

ನಿಲ್ದಾಣದಿಂದ ಸೂಟ್‌ಕೇಸ್ ಎಳೆದುಕೊಂಡು ಹೋಗುವ ದೂರವನ್ನೂ ನೋಡಿ. ಕಲ್ಲುಹಾಸಿನ ಮೇಲೆ ಚಿಕ್ಕ ಚಕ್ರ ಮುರಿಯುತ್ತದೆ. ವಿಮಾನ ನಿಲ್ದಾಣದಿಂದ ಟ್ರಾಮ್ ಟಿ2 ಸುಮಾರು 20 ನಿಮಿಷದಲ್ಲಿ ಸಾಂತಾ ಮರಿಯಾ ನೊವೆಲ್ಲಾ ರೈಲು ನಿಲ್ದಾಣದ ಬಳಿ ಬಿಡುತ್ತದೆ, 1.70 ಯೂರೋ ಟಿಕೆಟ್ 90 ನಿಮಿಷ ನಡೆಯುತ್ತದೆ. ಹಳೇ ಊರಿನ ಓಣಿಗಳಲ್ಲಿ ಸಿ1, ಸಿ2, ಸಿ3 ಎಂಬ ಪುಟ್ಟ ಬಸ್ಸುಗಳು ಓಡಾಡುತ್ತವೆ. ಮಂಡಿನೋವಿನವರಿಗೆ ಇವು ವರ. ಇವುಗಳ ನಿಲುಗಡೆ ಇನ್ನೂರು ಮೀಟರಿನೊಳಗೆ ಇರುವ ಮನೆಗೆ ಒಂದು ಅಂಕ ಹೆಚ್ಚು ಕೊಡಿ.

ಮೋಸದ ಪ್ರಶ್ನೆಗೆ ಬರೋಣ. 2025ರ ಜನವರಿ 1ರಿಂದ ಇಟಲಿಯಲ್ಲಿ ಪ್ರವಾಸಿಗರಿಗೆ ಬಾಡಿಗೆಗಿಡುವ ಪ್ರತಿ ಮನೆಗೂ ರಾಷ್ಟ್ರೀಯ ಗುರುತು ಸಂಖ್ಯೆ ಕಡ್ಡಾಯ, ಅದನ್ನು 'ಚಿನ್' ಎನ್ನುತ್ತಾರೆ. ಜಾಹೀರಾತಿನಲ್ಲೂ ಇರಬೇಕು, ಕಟ್ಟಡದ ಹೊರಗೂ ತೂಗುಹಾಕಿರಬೇಕು. ಅದು 'ಐಟಿ' ಎಂದು ಶುರುವಾಗುತ್ತದೆ, ಮುಂದಿನ ಆರು ಅಂಕಿ ಊರಿನ ಸಂಕೇತ. ಫ್ಲಾರೆನ್ಸ್‌ನದು 048017. ಜಾಹೀರಾತಿನ ಸಂಖ್ಯೆ ಬೇರೆ ಆರು ಅಂಕಿಗಳಿಂದ ಶುರುವಾದರೆ ಆ ಮನೆ ಫ್ಲಾರೆನ್ಸ್ ಪುರಸಭೆಯದ್ದಲ್ಲ. ಪಕ್ಕದ ಊರಿನದಿರಬಹುದು, ಅಥವಾ ಎಲ್ಲಿಂದಲೋ ಎತ್ತಿದ ಸಂಖ್ಯೆ. ಸರಿಯಾದ ಸಂಖ್ಯೆಯನ್ನೂ ಕದಿಯಬಹುದಲ್ಲ ಎನ್ನುತ್ತೀರಾ? ಹೌದು. ಅದಕ್ಕೇ, ಬಾಗಿಲ ಬಳಿಯ ಫಲಕ ಮತ್ತು ಮನೆ ನಂಬರ್ ಎರಡೂ ಒಂದೇ ಚೌಕಟ್ಟಿನಲ್ಲಿ ಬರುವ ಫೋಟೊ ಕಳಿಸಿ ಎಂದು ಕೇಳಿ. ನಿಜವಾದ ಮಾಲೀಕರಿಗೆ ಅದು ಎರಡು ನಿಮಿಷದ ಕೆಲಸ. ಕಿಟಕಿಯಾಚೆ ಕಾಣುವ ದೃಶ್ಯವನ್ನು ಬೀದಿನೋಟದ ಮ್ಯಾಪಿನೊಂದಿಗೆ ತಾಳೆ ಹಾಕಿ. ಬುಕಿಂಗ್ ವೇದಿಕೆಯ ಹೊರಗೆ ಬ್ಯಾಂಕಿಗೆ ಹಣ ಹಾಕಿದರೆ ಕಡಿಮೆ ಮಾಡುತ್ತೇನೆ ಎಂದವರ ಜೊತೆ ಮಾತು ಅಲ್ಲಿಗೇ ನಿಲ್ಲಿಸಿ. 2023ರ ಅಕ್ಟೋಬರಿನಲ್ಲಿ ಪುರಸಭೆ ಯುನೆಸ್ಕೊ ವಲಯದೊಳಗೆ ಹೊಸ ಅಲ್ಪಾವಧಿ ಬಾಡಿಗೆ ಮನೆಗಳಿಗೆ ತಡೆ ಹಾಕಿತು. 'ಈಗಷ್ಟೇ ಶುರು ಮಾಡಿದ್ದೇವೆ, ಅದಕ್ಕೇ ವಿಮರ್ಶೆಗಳಿಲ್ಲ' ಎಂಬ ಮಾತು ಹಳೇ ಊರಿನ ಮನೆಯ ಬಗ್ಗೆ ಬಂದರೆ ಹುಬ್ಬೇರಿಸಬೇಕಾದದ್ದೇ.

ಕಾನೂನಿನ ಪ್ರಕಾರ ಮನೆಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಬೇಕು, ಮಹಡಿಗೊಂದಾದರೂ. ಗ್ಯಾಸ್ ಇದ್ದರೆ ಗ್ಯಾಸ್ ಮತ್ತು ಕಾರ್ಬನ್ ಮೊನಾಕ್ಸೈಡ್ ಸೋರಿಕೆ ಹಿಡಿಯುವ ಸಾಧನವೂ ಇರಬೇಕು. ಒಳಗೆ ಕಾಲಿಟ್ಟ ಕೂಡಲೇ ಎರಡನ್ನೂ ಕಣ್ಣಲ್ಲಿ ಹುಡುಕಿ.

ಐವರ ಪಾಸ್‌ಪೋರ್ಟ್ ಕೇಳಿದರೆ ಗಾಬರಿಯಾಗಬೇಡಿ. ಅತಿಥಿಗಳ ವಿವರವನ್ನು 24 ಗಂಟೆಯೊಳಗೆ ಪೊಲೀಸರ ಪೋರ್ಟಲಿಗೆ ಸೇರಿಸುವುದು ಮಾಲೀಕರ ಕರ್ತವ್ಯ. ಮುಖ ನೋಡಿ ತಾಳೆ ಹಾಕಬೇಕೆಂದು ಗೃಹ ಸಚಿವಾಲಯ 2024ರ ನವೆಂಬರಿನಲ್ಲಿ ಸುತ್ತೋಲೆ ಹೊರಡಿಸಿದೆ. ಬೀದಿಗೋಡೆಗೆ ಅಂಕಿಬೀಗದ ಕೀ-ಪೆಟ್ಟಿಗೆ ಹಾಕುವುದನ್ನು ಫ್ಲಾರೆನ್ಸ್ ಹಳೇ ಊರಿನಲ್ಲಿ ನಿಷೇಧಿಸಿದೆ. ಅಂದರೆ ಯಾರಾದರೂ ಬಂದು ಕೀ ಕೊಡುತ್ತಾರೆ, ಅವರಿಗೆ ನಿಮ್ಮ ರೈಲಿನ ಸಮಯ ಗೊತ್ತಿರಬೇಕು. ರಾತ್ರಿ ತಡವಾಗಿ ಬಂದರೆ ಬೇರೆ ಶುಲ್ಕ ಹಾಕುವವರಿದ್ದಾರೆ, ಎಷ್ಟು ಗಂಟೆಯ ಮೇಲೆ, ಎಷ್ಟು ಎಂದು ಮೊದಲೇ ಬರೆಸಿಕೊಳ್ಳಿ. ಪಾಸ್‌ಪೋರ್ಟನ್ನು ಕೈಯಲ್ಲಿ ತೋರಿಸಿದರೆ ಸಾಕು, ಇಟ್ಟುಕೊಳ್ಳಲು ಕೊಡಬೇಡಿ. ವೀಸಾ ಅರ್ಜಿಗೆ ಬೇಕಾದ ದೃಢೀಕರಣದಲ್ಲಿ ಪೂರ್ತಿ ವಿಳಾಸ, ತಾರೀಕು, ಐವರ ಹೆಸರು ಇರುವಂತೆ ನೋಡಿಕೊಳ್ಳಿ. ವೀಸಾ ಕೈಸೇರುವವರೆಗೆ ರದ್ದು ಮಾಡಿದರೆ ಹಣ ವಾಪಸ್ ಬರುವ ಬುಕಿಂಗ್ ಮಾತ್ರ ಮಾಡಿ, ಸ್ವಲ್ಪ ದುಬಾರಿಯಾದರೂ.

ಇನ್ನು ಲೆಕ್ಕ. ರಾತ್ರಿಗೆ 160 ಯೂರೋ ಎಂದು ಕಂಡ ಮನೆಯನ್ನು ಉದಾಹರಣೆಗೆ ಹಿಡಿಯೋಣ. ಐದು ರಾತ್ರಿಗೆ 800. ಶುಚಿಗೊಳಿಸುವ ಶುಲ್ಕ 90, ವೇದಿಕೆಯ ಸೇವಾ ಶುಲ್ಕ 120 ಎಂದಿಟ್ಟುಕೊಳ್ಳಿ. ಪುರಸಭೆಯ ಪ್ರವಾಸಿ ತೆರಿಗೆ ಇಂಥ ಮನೆಗಳಿಗೆ ತಲೆಗೆ, ರಾತ್ರಿಗೆ ಸುಮಾರು ಆರು ಯೂರೋ. ಹನ್ನೆರಡು ವರ್ಷ ತುಂಬದವರಿಗಿಲ್ಲ, ಏಳು ರಾತ್ರಿ ದಾಟಿದರೆ ಮುಂದಕ್ಕಿಲ್ಲ. ಮಗಳನ್ನು ಬಿಟ್ಟು ನಾಲ್ವರಿಗೆ ಐದು ರಾತ್ರಿಗೆ 120. ಒಟ್ಟು 1,130, ಅಂದರೆ ರಾತ್ರಿಗೆ 226. ಅದೇ ಮನೆಗೆ ಎರಡೇ ರಾತ್ರಿ ಇದ್ದರೆ 320ಕ್ಕೆ ಅದೇ 90 ಸೇರಿ, ಸೇವಾ ಶುಲ್ಕ 48, ತೆರಿಗೆ 48 ಆಗಿ 506: ರಾತ್ರಿಗೆ 253. ಶುಚಿ ಶುಲ್ಕ ಎಷ್ಟು ರಾತ್ರಿ ಇದ್ದರೂ ಒಂದೇ, ಕಡಿಮೆ ದಿನ ಇದ್ದವರನ್ನು ಅದೇ ಕಚ್ಚುವುದು. ಹೋಟೆಲಿನ ಎರಡು ರೂಮಿಗೆ ಹೋಲಿಸುವಾಗ ಈ 226ನ್ನು ಇಡಿ, 160ನ್ನಲ್ಲ; ಹೋಟೆಲಿಗೂ ತೆರಿಗೆ ಉಂಟು, ಅದನ್ನೂ ಸೇರಿಸಿ. ತೆರಿಗೆಯನ್ನು ಕೀ ಕೊಡುವಾಗ ನಗದಾಗಿ ಕೇಳುವುದು ಸಾಮಾನ್ಯ, ಸರಿಯಾದ ಚಿಲ್ಲರೆ ಇಟ್ಟುಕೊಂಡು ರಸೀದಿ ಪಡೆಯಿರಿ. ಬುಕಿಂಗ್ ಹಣದಲ್ಲೇ ತೆರಿಗೆ ಸೇರಿತ್ತೇ ಎಂದು ಮೊದಲು ನೋಡಿ, ಎರಡು ಸಲ ಕೊಟ್ಟವರು ಕಡಿಮೆಯಿಲ್ಲ.

ವಿಳಾಸ ಹುಡುಕುವುದೇ ಫ್ಲಾರೆನ್ಸ್‌ನಲ್ಲಿ ಒಂದು ವಿದ್ಯೆ. ಒಂದೇ ಬೀದಿಯಲ್ಲಿ ಎರಡು ಎಣಿಕೆ ನಡೆಯುತ್ತದೆ: ಮನೆಗಳಿಗೆ ನೀಲಿ ಅಥವಾ ಕಪ್ಪು ಅಂಕಿ, ಅಂಗಡಿ, ಊಟದ ಹೋಟೆಲುಗಳಿಗೆ ಕೆಂಪು. ಕೆಂಪು ಅಂಕಿಯನ್ನು ಬರೆಯುವಾಗ ಪಕ್ಕದಲ್ಲಿ 'ಆರ್' ಅಕ್ಷರ ಹಾಕುತ್ತಾರೆ. 25 ಮತ್ತು 25 ಆರ್ ಒಂದೇ ಬಾಗಿಲಲ್ಲ, ನಡುವೆ ನೂರಿನ್ನೂರು ಮೀಟರ್ ಇರಬಹುದು. ಮ್ಯಾಪ್ ಎಷ್ಟೋ ಸಲ ಇವೆರಡನ್ನು ಅದಲುಬದಲು ಮಾಡುತ್ತದೆ. ಸರಿಯಾದ ಬಾಗಿಲಿಗೆ ಬಂದರೂ ಕರೆಗಂಟೆಯ ಫಲಕದಲ್ಲಿ ಫ್ಲಾಟ್ ನಂಬರ್ ಇರುವುದಿಲ್ಲ, ಮನೆತನದ ಹೆಸರುಗಳಿರುತ್ತವೆ. ನಿಮ್ಮ ಮನೆಯ ಗಂಟೆಯ ಮೇಲೆ ಯಾವ ಹೆಸರಿದೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಒಳಗಿನ ಬಾಗಿಲು ಉಕ್ಕಿನದು, 'ಪೋರ್ತಾ ಬ್ಲಿಂದಾತಾ'. ಹೊರಗೆ ಹಿಡಿಕೆ ತಿರುಗುವುದಿಲ್ಲ. ಎಳೆದುಕೊಂಡರೆ ತಾನೇ ಮುಚ್ಚಿಕೊಳ್ಳುತ್ತದೆ, ಕೀ ಇಲ್ಲದೆ ತೆರೆಯುವುದಿಲ್ಲ. ಬೀಗ ಹಾಕಲು ಕೀಯನ್ನು ಮೂರ್ನಾಲ್ಕು ಸುತ್ತು ತಿರುಗಿಸಬೇಕು, ಪ್ರತಿ ಸುತ್ತಿಗೂ ಒಳಗೆ ಸರಳುಗಳು ಇನ್ನಷ್ಟು ಹೊರಚಾಚುವುದು ಕೈಗೆ ತಿಳಿಯುತ್ತದೆ. ತೆರೆಯುವಾಗ ಅಷ್ಟೇ ಸುತ್ತು ಹಿಂದಕ್ಕೆ, ಕೊನೆಗೆ ಅರ್ಧ ಸುತ್ತು ಬಿಗಿಯಾಗಿ ಹಿಡಿದು ಬಾಗಿಲನ್ನು ತಳ್ಳಬೇಕು. ಹಲವರು ಆ ಅರ್ಧ ಸುತ್ತಿಗೆ ಮುಂಚೆಯೇ ಕೈಬಿಟ್ಟು ಕೀ ಸರಿಯಿಲ್ಲ ಎನ್ನುತ್ತಾರೆ. ಇನ್ನೊಂದು ಅಪಾಯ: ರಾತ್ರಿ ಒಳಗಿನಿಂದ ಬೀಗ ಹಾಕಿ ಕೀಯನ್ನು ಅಲ್ಲೇ ಬಿಟ್ಟರೆ ಹಲವು ಬೀಗಗಳಲ್ಲಿ ಹೊರಗಿನಿಂದ ಇನ್ನೊಂದು ಕೀ ಕೆಲಸ ಮಾಡುವುದಿಲ್ಲ. ಮಾವ ಒಳಗೆ ಮಲಗಿದ್ದಾರೆ, ನೀವು ಹೊರಗಿದ್ದೀರಿ ಎಂದಾಗ ಇದು ನೆನಪಾಗುತ್ತದೆ. ಬೀಗದವನನ್ನು ರಾತ್ರಿ ಕರೆಸಿದರೆ ಉಳಿಸಿದ ಹಣವೆಲ್ಲ ಅಲ್ಲೇ ಹೋಗುತ್ತದೆ. ಎರಡು ಜೊತೆ ಕೀ ಕೇಳಿ. ಬೀದಿಯ ದೊಡ್ಡ ಬಾಗಿಲನ್ನು ಒಳಗಿನಿಂದ ತೆರೆಯಲು ಗೋಡೆಯ ಮೇಲೆ ಗುಂಡಿ ಇರುತ್ತದೆ, ಮೆಟ್ಟಿಲಿನ ದೀಪ ಕೆಲ ನಿಮಿಷಕ್ಕೆ ತಾನೇ ಆರುತ್ತದೆ. ಕತ್ತಲಲ್ಲಿ ಮಿಣುಕುವ ಪುಟ್ಟ ಬಿಂದುವೇ ಅದರ ಗುಂಡಿ, ಪಕ್ಕದ ಮನೆಯವರ ಕರೆಗಂಟೆಯಲ್ಲ. ಆದರೂ ಒತ್ತುವ ಮುಂಚೆ ನೋಡಿ.

ಕಸವನ್ನು ಬೇರ್ಪಡಿಸಬೇಕು: ಅಡುಗೆ ಕಸ, ಕಾಗದ, ಗಾಜು, ಪ್ಲಾಸ್ಟಿಕ್ ಮತ್ತು ಲೋಹ, ಉಳಿದದ್ದು. ಕೆಲವು ತೊಟ್ಟಿ ತೆರೆಯಲು ಎಲೆಕ್ಟ್ರಾನಿಕ್ ಕೀ ಬೇಕು, ಅದೂ ಗೊಂಚಲಿನಲ್ಲಿದೆಯೇ ನೋಡಿ. ನಲ್ಲಿನೀರು ಕುಡಿಯಬಹುದು, ಬಾಟಲಿ ನೀರನ್ನು ಮೇಲಕ್ಕೆ ಹೊರುವ ಗೋಜಿಲ್ಲ. ಮಧ್ಯಾಹ್ನ ಊಟದ ನಂತರ ಒಂದೆರಡು ಗಂಟೆ ಮತ್ತು ರಾತ್ರಿ ಹತ್ತರ ಮೇಲೆ ಸದ್ದು ಮಾಡಬಾರದೆಂಬುದು ಬಹುತೇಕ ಕಟ್ಟಡಗಳ ನಿಯಮ. ಹೆಂಚುಬಿಲ್ಲೆಯ ನೆಲ, ಮರದ ತೊಲೆ; ಮೇಲೆ ಮಗು ಓಡಿದರೆ ಕೆಳಗಿನವರಿಗೆ ಗುಡುಗು.

ಕಾರಿನ ವಿಷಯ: ಬಾಡಿಗೆಗೆ ತೆಗೆದುಕೊಳ್ಳಿ, ಮನೆಯ ಬಾಗಿಲಿಗೆ ತರಬೇಡಿ. ಹಳೇ ಊರು 'ಝಡ್‌ಟಿಎಲ್', ಅಂದರೆ ನಿರ್ಬಂಧಿತ ಸಂಚಾರ ವಲಯ. ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 7.30ರಿಂದ ರಾತ್ರಿ 8, ಶನಿವಾರ ಸಂಜೆ 4ರವರೆಗೆ ಅನುಮತಿ ಇಲ್ಲದ ವಾಹನಕ್ಕೆ ಪ್ರವೇಶವಿಲ್ಲ. ಬೇಸಿಗೆಯ ತಿಂಗಳುಗಳಲ್ಲಿ ವಾರಾಂತ್ಯದ ಕೆಲವು ರಾತ್ರಿಗಳೂ ಸೇರುತ್ತವೆ. ಕಾವಲುಗಾರರಿಲ್ಲ, ಕ್ಯಾಮೆರಾ ಇದೆ. ಫಲಕದಲ್ಲಿ ಕೆಂಪಾಗಿ 'ವಾರ್ಕೊ ಅತ್ತೀವೊ' ಎಂದು ಹೊಳೆಯುತ್ತಿರುತ್ತದೆ. ಇದನ್ನು 'ದಾರಿ ತೆರೆದಿದೆ' ಎಂದು ಓದಿಕೊಂಡು ನುಗ್ಗುವವರೇ ಹೆಚ್ಚು. ಅದರ ಅರ್ಥ ಕ್ಯಾಮೆರಾ ಕೆಲಸ ಮಾಡುತ್ತಿದೆ, ಒಳಗೆ ಬರಬೇಡಿ ಎಂದು. ದಂಡ 83 ಯೂರೋದಿಂದ ಶುರು, ಪ್ರತಿ ಪ್ರವೇಶಕ್ಕೂ ಬೇರೆ. ನಿಮ್ಮ ವಿಳಾಸ ಪೊಲೀಸರಿಗೆ ಕೊಟ್ಟದ್ದಕ್ಕೆ ಕಾರಿನ ಕಂಪನಿಯವರು ಇನ್ನಷ್ಟು ಹಿಡಿಯುತ್ತಾರೆ. ಚೀಟಿ ಬರುವುದು ತಿಂಗಳುಗಳ ಮೇಲೆ, ನೀವು ಊರು ಸೇರಿದ ಮೇಲೆ. ಕಾರನ್ನು ವಿಮಾನ ನಿಲ್ದಾಣದಲ್ಲಿ ತೆಗೆದುಕೊಂಡು ಅಲ್ಲೇ ಬಿಡುವುದು ಸುಲಭ, ಟ್ರಾಮ್ ಇದೆಯಲ್ಲ. ಹೆದ್ದಾರಿಯಿಂದ ಬರುವುದಾದರೆ ಎ1ಕ್ಕೆ ಅಂಟಿಕೊಂಡ ವಿಲ್ಲಾ ಕೊಸ್ತಾನ್ಸಾ ಪಾರ್ಕಿಂಗಿನಲ್ಲಿ ನಿಲ್ಲಿಸಿ ಟ್ರಾಮ್ ಟಿ1 ಹಿಡಿಯಿರಿ.

ಏಪ್ರಿಲ್ 25 ಮತ್ತು ಮೇ 1 ಇಟಲಿಯಲ್ಲಿ ರಜೆ, ಮನೆಗಳು ಬೇಗ ಖಾಲಿಯಾಗುತ್ತವೆ. ಇಂದೇ ಎರಡು ಮೂರು ಮನೆ ಆರಿಸಿ ಮಾಲೀಕರಿಗೆ ಹೀಗೊಂದು ಸಂದೇಶ ಕಳಿಸಿ: 'ಬೀದಿಯಿಂದ ಹಾಸಿಗೆಯವರೆಗೆ ಎಷ್ಟು ಮೆಟ್ಟಿಲು? ಬಿಸಿನೀರು ಗ್ಯಾಸಿನದೋ ವಿದ್ಯುತ್ತಿನದೋ, ಎಷ್ಟು ಲೀಟರ್? ಒಲೆ ಯಾವುದು? ಏಪ್ರಿಲ್ 15ರ ನಂತರ ಕೋಣೆ ಬಿಸಿ ಮಾಡಲು ಏನಿದೆ? ಮಲಗುವ ಕೋಣೆಯ ಕಿಟಕಿ ಬೀದಿಗೋ ಅಂಗಳಕ್ಕೋ? ತೆರಿಗೆ, ಶುಚಿ ಶುಲ್ಕ ಸೇರಿ ಐವರಿಗೆ ಒಟ್ಟು ಎಷ್ಟು?' ಅಂಕಿಗಳಲ್ಲಿ ಉತ್ತರ ಬಂದ ಮನೆಯನ್ನು ಹಿಡಿಯಿರಿ. 'ಚಿಂತೆ ಬೇಡ, ಎಲ್ಲ ಚೆನ್ನಾಗಿದೆ' ಎಂದಷ್ಟೇ ಬಂದರೆ ಮುಂದಿನದಕ್ಕೆ ಹೋಗಿ. ಉತ್ತರ ವೇದಿಕೆಯ ಸಂದೇಶಪೆಟ್ಟಿಗೆಯಲ್ಲೇ ಇರಲಿ. ಹೇಳಿದ್ದೊಂದು, ಇರುವುದೊಂದು ಆದರೆ ಹಣ ವಾಪಸ್ ಕೇಳಲು ಅದೇ ದಾಖಲೆ. ಹೋದ ಒಂದು ಗಂಟೆಯೊಳಗೆ ಮನೆಯ ಎಲ್ಲ ಕೋಣೆ, ಇರುವ ಒಡಕು-ಕಲೆ ಸೇರಿ, ಫೋಟೊ ತೆಗೆಯಿರಿ.

ಹೊರಡುವ ದಿನ ಸಾಮಾನ್ಯವಾಗಿ ಹತ್ತು ಗಂಟೆಗೆ ಮನೆ ಬಿಡಬೇಕು. ಹೆಚ್ಚಿನ ಕಡೆ ಕೀಯನ್ನು ಮೇಜಿನ ಮೇಲಿಟ್ಟು ಬಾಗಿಲೆಳೆದುಕೊಂಡು ಹೋಗಿ ಎನ್ನುತ್ತಾರೆ. ಎಳೆಯುವ ಮುಂಚೆ ಐದೂ ಪಾಸ್‌ಪೋರ್ಟ್, ಮಾತ್ರೆಯ ಡಬ್ಬಿ, ಮಗಳ ಜಾಕೆಟ್ ಹೊರಗೆ ಬಂದಿವೆಯೇ ನೋಡಿಕೊಳ್ಳಿ. ಆ ಬಾಗಿಲು ಮತ್ತೆ ತೆರೆಯಬೇಕೆಂದರೆ ಮಾಲೀಕರೇ ಬರಬೇಕು, ನಿಮ್ಮ ರೈಲು ಕಾಯುವುದಿಲ್ಲ.